ಮೊದಲ ಸುತ್ತಿನಲ್ಲಿ ಸೋತವಳ ಲೆಕ್ಕ

2019ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಒಂದು ಮಹಿಳಾ ಐಟಿಎಫ್ ಟೆನಿಸ್ ಟೂರ್ನಿ ನಡೆಯಿತು. ಸಿಂಗಲ್ಸ್, ಡಬಲ್ಸ್ ಎರಡೂ ಸೇರಿ ಒಟ್ಟು ಬಹುಮಾನ 25 ಸಾವಿರ ಡಾಲರ್. ಸಿಂಗಲ್ಸ್ ಗೆದ್ದ 17 ವರ್ಷದ ಬ್ರಿಟಿಷ್ ಆಟಗಾರ್ತಿಗೆ ಸಿಕ್ಕಿದ್ದು ನಾಲ್ಕು ಸಾವಿರ ಡಾಲರಿಗೂ ತುಸು ಕಡಿಮೆ. ಅವರ ಹೆಸರು ಎಮ್ಮಾ ರಾಡುಕಾನು. 21 ತಿಂಗಳ ನಂತರ ಅವರು ಅಮೆರಿಕ ಓಪನ್‌ನ ಅರ್ಹತಾ ಸುತ್ತಿನಿಂದ ಹೊರಟು, ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಪ್ರಶಸ್ತಿ ಗೆದ್ದು 25 ಲಕ್ಷ ಡಾಲರ್ ಪಡೆದರು. ಪುಣೆಯ ಟೂರ್ನಿಗೂ ಎರಡು ವರ್ಷ ಮೊದಲು, 2017ರ ನವೆಂಬರ್‌ನಲ್ಲಿ, ಮುಂಬೈನಲ್ಲಿ ನಡೆದ ಡಬ್ಲ್ಯುಟಿಎ 125 ಟೂರ್ನಿಯನ್ನು 19 ವರ್ಷದ ಅರಿನಾ ಸಬಲೆಂಕಾ ಗೆದ್ದಿದ್ದರು. 2023ರಲ್ಲಿ ಅವರು ವಿಶ್ವದ ಅಗ್ರ ಕ್ರಮಾಂಕಕ್ಕೆ ಏರಿದರು. ಕೆಳಹಂತದ ಟೂರ್ನಿಗಳ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಇಂಥ ಹೆಸರುಗಳನ್ನೇ ಮುಂದಿಡುತ್ತಾರೆ. ನಾಳೆಯ ತಾರೆ ಇಲ್ಲಿ ಆಡುತ್ತಿರಬಹುದು, ಆದ್ದರಿಂದ ಈ ಟೂರ್ನಿಗೆ ಬೆಲೆಯಿದೆ ಎಂಬುದು ಅವರ ವಾದ. ಆ ವಾದ ಸುಳ್ಳಲ್ಲ, ಆದರೆ ತೀರಾ ಅರೆಬರೆಯದು. ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 32 ಮಂದಿ ಇರುತ್ತಾರೆ. ಅವರಲ್ಲಿ 16 ಮಂದಿ ಮೊದಲ ಪಂದ್ಯದಲ್ಲೇ ಸೋತು ಚೀಲ ಕಟ್ಟುತ್ತಾರೆ. ಕೆಳಹಂತದ ಮಹಿಳಾ ಟೂರ್ನಿಯೊಂದು ಚೆನ್ನಾಗಿ ನಡೆಯಿತೇ ಇಲ್ಲವೇ ಎಂದು ತೀರ್ಮಾನಿಸಲು ಗೆದ್ದವಳನ್ನು ನೋಡಿದರೆ ಸಾಲದು. ಮೊದಲ ಸುತ್ತಿನಲ್ಲಿ ಸೋತವಳು ಮುಂದಿನ ವಾರವೂ ಆಡಬಲ್ಲಳೇ ಎಂದು ಕೇಳಬೇಕು. ಭಾರತದಲ್ಲಿ, ನಮ್ಮ ಕರ್ನಾಟಕದಲ್ಲಿ, ಈ ಟೂರ್ನಿಗಳನ್ನು ಏರ್ಪಡಿಸುವವರೂ ಅವಕ್ಕೆ ಹಣ ಕೊಡುವವರೂ ಈ ಪ್ರಶ್ನೆಯಿಂದಲೇ ಲೆಕ್ಕ ಶುರುಮಾಡಬೇಕು.

ಈ ಏಣಿಯ ಮೆಟ್ಟಿಲುಗಳು ಹೇಗಿವೆ ಎಂಬುದನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಮಹಿಳಾ ಟೂರ್ನಿಗಳಲ್ಲಿ ಈಗ ಐದು ದರ್ಜೆಗಳಿವೆ: ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100. 2024ರಿಂದ ಈ ಸಂಖ್ಯೆಗಳು ಸಿಂಗಲ್ಸ್ ಗೆದ್ದವಳಿಗೆ ಸಿಗುವ ರ‍್ಯಾಂಕಿಂಗ್ ಅಂಕಗಳನ್ನು ಸೂಚಿಸುತ್ತವೆ. ಇವುಗಳ ಮೇಲೆ ಮಹಿಳಾ ಟೆನಿಸ್ ಸಂಘದ (ಡಬ್ಲ್ಯುಟಿಎ) 125, ಅದರಾಚೆ 250, 500, 1000, ತುದಿಯಲ್ಲಿ ಗ್ರ್ಯಾಂಡ್ ಸ್ಲಾಮ್. ಎಲ್ಲಕ್ಕಿಂತ ಕೆಳಗಿನ ಡಬ್ಲ್ಯು15ರ ಒಟ್ಟು ಬಹುಮಾನ 15 ಸಾವಿರ ಡಾಲರ್. 2016ರವರೆಗೆ ಅದು ಹತ್ತು ಸಾವಿರವಿತ್ತು. ಈ ಟೂರ್ನಿಯಲ್ಲಿ ಗೆದ್ದವಳಿಗೆ 15 ಅಂಕ, ಫೈನಲ್‌ನಲ್ಲಿ ಸೋತವಳಿಗೆ 10, ಸೆಮಿಫೈನಲ್‌ನಲ್ಲಿ ಸೋತವರಿಗೆ 6, ಕ್ವಾರ್ಟರ್ ಫೈನಲ್‌ನಲ್ಲಿ ಸೋತವರಿಗೆ 3, ಎರಡನೇ ಸುತ್ತಿನಲ್ಲಿ ಸೋತವರಿಗೆ 1. ಮೊದಲ ಸುತ್ತಿನಲ್ಲಿ ಸೋತರೆ ಸೊನ್ನೆ. ಆ ಮೊದಲ ಸುತ್ತಿಗೆ ಬರಲೂ ಹಲವರು ಅರ್ಹತಾ ಸುತ್ತಿನಲ್ಲಿ ಎರಡೋ ಮೂರೋ ಪಂದ್ಯ ಗೆದ್ದಿರಬೇಕು. ಅಲ್ಲಿ ಮೂರನೇ ಸೆಟ್ಟಿನ ಜಾಗದಲ್ಲಿ ಹತ್ತು ಪಾಯಿಂಟಿನ ಟೈಬ್ರೇಕ್. ಎಷ್ಟೋ ಪಂದ್ಯಗಳಿಗೆ ಚೇರ್ ಅಂಪೈರ್ ಇರುವುದಿಲ್ಲ, ಚೆಂಡು ಗೆರೆಯ ಒಳಗೋ ಹೊರಗೋ ಎಂದು ಆಡುವವರೇ ಹೇಳಬೇಕು. ಡಬ್ಲ್ಯು15ರ ಅರ್ಹತಾ ಸುತ್ತಿನಲ್ಲಿ ಸೋತವರಿಗೆ ಒಂದು ಡಾಲರೂ ಸಿಗುವುದಿಲ್ಲ, ಪ್ರವೇಶ ಶುಲ್ಕವನ್ನು ಅವರೇ ಕಟ್ಟಿರುತ್ತಾರೆ. ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಕಾಣಿಸಬೇಕಾದರೆ ಮೂರು ಟೂರ್ನಿಗಳಲ್ಲಿ ಅಂಕ ಗಳಿಸಿರಬೇಕು ಅಥವಾ ಒಟ್ಟು ಹತ್ತು ಅಂಕವಾದರೂ ಇರಬೇಕು. ಗಳಿಸಿದ ಅಂಕ 52 ವಾರಗಳಾದ ಮೇಲೆ ಅಳಿಸಿಹೋಗುತ್ತದೆ. ಕಾಲಿಗೆ ಪೆಟ್ಟು ಬಿದ್ದು ಏಳೆಂಟು ತಿಂಗಳು ಮನೆಯಲ್ಲಿ ಕೂತ ಹುಡುಗಿ ಮರಳಿ ಬರುವ ಹೊತ್ತಿಗೆ ಅವಳ ಅಂಕಗಳಲ್ಲಿ ದೊಡ್ಡ ಪಾಲು ಅಳಿಸಿಹೋಗಿರುತ್ತದೆ.

ದುಡ್ಡಿನ ಲೆಕ್ಕ ಇನ್ನೂ ಕಠಿಣ. ಡಬ್ಲ್ಯು15 ಸಿಂಗಲ್ಸ್ ಗೆದ್ದವಳಿಗೆ ಸುಮಾರು 2,350 ಡಾಲರ್ ಬರುತ್ತದೆ. ಮೊದಲ ಸುತ್ತಿನಲ್ಲಿ ಸೋತವಳಿಗೆ 150ರ ಆಸುಪಾಸು, ಅಂದರೆ ಹದಿಮೂರು ಸಾವಿರ ರೂಪಾಯಿಯಷ್ಟು, ಅದರಲ್ಲೂ ಆಯಾ ದೇಶದ ತೆರಿಗೆ ಕಡಿತ. ವಿಮಾನ ಅಥವಾ ರೈಲಿನ ಟಿಕೆಟ್, ನಾಲ್ಕೈದು ರಾತ್ರಿಯ ಹೋಟೆಲ್ ಕೋಣೆ, ಊಟ, ರ‍್ಯಾಕೆಟ್‌ಗೆ ಹೊಸ ತಂತಿ ಹಾಕಿಸುವ ಖರ್ಚು, ವೀಸಾ ಶುಲ್ಕ ಎಲ್ಲವೂ ಅದರೊಳಗೆ ಹಿಡಿಯಬೇಕು. ಕೋಚ್ ಜೊತೆಗೆ ಬಂದರೆ ಖರ್ಚು ದುಪ್ಪಟ್ಟು. ಅದೇ ಕ್ರೀಡೆಯ ಮತ್ತೊಂದು ತುದಿಯಲ್ಲಿ, 2025ರ ಅಮೆರಿಕ ಓಪನ್‌ನ ಮುಖ್ಯ ಸುತ್ತಿನ ಮೊದಲ ಪಂದ್ಯ ಸೋತವರಿಗೆ 1,10,000 ಡಾಲರ್ ಸಿಕ್ಕಿತು. ಇದು ಏಳು ಡಬ್ಲ್ಯು15 ಟೂರ್ನಿಗಳ ಸಿಂಗಲ್ಸ್, ಡಬಲ್ಸ್ ಎಲ್ಲ ಬಹುಮಾನಗಳನ್ನು ಕೂಡಿಸಿದರೂ ಮೀರುವ ಮೊತ್ತ. ಐಟಿಎಫ್ ತಾನೇ 2014ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ಅಂತರವನ್ನು ದಾಖಲಿಸಿತ್ತು. 2013ರ ಒಂದು ವರ್ಷದಲ್ಲಿ ಕೋಚ್ ವೆಚ್ಚ ಬಿಟ್ಟು ಮಹಿಳಾ ಆಟಗಾರ್ತಿಯೊಬ್ಬಳ ಸರಾಸರಿ ಖರ್ಚು ಸುಮಾರು 40 ಸಾವಿರ ಡಾಲರ್. ಹಾಕಿದ ದುಡ್ಡು ವಾಪಸು ಬಂದದ್ದು ಜಗತ್ತಿನಲ್ಲೇ 253 ಮಹಿಳೆಯರಿಗೆ. ಆ ವರ್ಷದ ಮಹಿಳಾ ಬಹುಮಾನದ ಅರ್ಧಕ್ಕಿಂತ ಹೆಚ್ಚು ಪಾಲು ಮೇಲಿನ ಶೇ 1ರಷ್ಟು ಆಟಗಾರ್ತಿಯರಿಗೆ ಹೋಗಿತ್ತು. ಆಮೇಲೆ ಗ್ರ್ಯಾಂಡ್ ಸ್ಲಾಮ್‌ಗಳ ಬಹುಮಾನ ಬಹುಪಾಲು ಪ್ರತಿ ವರ್ಷ ಏರಿದೆ. ಡಬ್ಲ್ಯು15ರ ಮೊತ್ತ ಮಾತ್ರ 2017ರಲ್ಲಿ ನಿಂತಲ್ಲೇ ನಿಂತಿದೆ.

ಹಾಗಾದರೆ ಗೆಲ್ಲುತ್ತಾ ಹೋಗಲಿ, ಪ್ರತಿಭೆಯಿದ್ದವಳು ಡಬ್ಲ್ಯು15ಗಳನ್ನೇ ಗೆದ್ದು ಮೇಲಕ್ಕೆ ಬರಲಿ ಎನ್ನಬಹುದು. ಅಂಕಗಣಿತ ಅದಕ್ಕೆ ಅಡ್ಡ ಬರುತ್ತದೆ. ಸಿಂಗಲ್ಸ್ ರ‍್ಯಾಂಕಿಂಗ್‌ಗೆ ವರ್ಷದ ಅತ್ಯುತ್ತಮ 18 ಫಲಿತಾಂಶಗಳನ್ನು ಮಾತ್ರ ಪರಿಗಣಿಸುತ್ತಾರೆ. ಒಬ್ಬಳು ಹದಿನೆಂಟು ಡಬ್ಲ್ಯು15ಗಳನ್ನು ಗೆದ್ದಳು ಎಂದೇ ಇಟ್ಟುಕೊಳ್ಳಿ. ವಾರಕ್ಕೆ ಐದು ಪಂದ್ಯದಂತೆ ತೊಂಬತ್ತು ಪಂದ್ಯ ಗೆದ್ದರೂ ಅವಳ ಅಂಕ 270. ಗ್ರ್ಯಾಂಡ್ ಸ್ಲಾಮ್‌ನ ಅರ್ಹತಾ ಸುತ್ತಿಗೆ ಪ್ರವೇಶ ಸಿಗುವುದು ಸಾಮಾನ್ಯವಾಗಿ 230-240ರ ಆಸುಪಾಸಿನ ಕ್ರಮಾಂಕದವರೆಗೆ. ಅಲ್ಲಿಗೆ ಸುಮಾರು 300 ಅಂಕ ಬೇಕು. ಟೆನಿಸ್ ಹೊಟ್ಟೆ ತುಂಬಿಸುವ ವೃತ್ತಿಯಾಗುವುದು ನಿಜವಾಗಿ ಅಲ್ಲಿಂದಲೇ, ಏಕೆಂದರೆ 2025ರ ಆಸ್ಟ್ರೇಲಿಯಾ ಓಪನ್‌ನ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೂ 35 ಸಾವಿರ ಆಸ್ಟ್ರೇಲಿಯನ್ ಡಾಲರ್ ಇತ್ತು. ಅಂದರೆ ಕೆಳಗಿನ ಮೆಟ್ಟಿಲಲ್ಲಿ ವರ್ಷವಿಡೀ ಸೋಲದೇ ಇದ್ದರೂ ಮೇಲಿನ ಬಾಗಿಲು ತೆರೆಯುವುದಿಲ್ಲ. ಡಬ್ಲ್ಯು35, 50, 100ಗಳಿಗೆ ಹೋಗಲೇಬೇಕು, ಅಲ್ಲಿ ಮೊದಮೊದಲು ಸೋಲಲೇಬೇಕು. ಹೀಗೆ ಸೋಲುತ್ತಾ ಕಲಿಯುವ ವರ್ಷಗಳ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎನ್ನುವುದೇ ಮುಖ್ಯ ವಿಷಯ. ಟ್ಯುನೀಷಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯದಂಥ ಕಡಲತೀರದ ಊರುಗಳಲ್ಲಿ ಡಬ್ಲ್ಯು15ಗಳು ವಾರದ ಮೇಲೆ ವಾರ ಸಾಲಾಗಿ ನಡೆಯುತ್ತವೆ. ಯುರೋಪಿನ ಹುಡುಗಿಗೆ ಅವು ಕೆಲವೇ ಗಂಟೆಗಳ ಹಾದಿ. ಹುಬ್ಬಳ್ಳಿಯ ಅಥವಾ ಕೊಯಮತ್ತೂರಿನ ಹುಡುಗಿಗೆ ಅದು ವೀಸಾ ಅರ್ಜಿ, ಎರಡು ವಿಮಾನ, ಅಪರಿಚಿತ ದೇಶ. ಅವಳು ಹದಿನಾರರವಳಾದರೆ ಜೊತೆಗೆ ಅಪ್ಪನೋ ಅಮ್ಮನೋ ಹೋಗಲೇಬೇಕು, ಅವರ ಕೆಲಸಕ್ಕೆ ರಜೆ, ಎರಡನೇ ಟಿಕೆಟ್. ಇಬ್ಬರೂ ಅದೇ ಸರ್ವ್, ಅದೇ ಬ್ಯಾಕ್‌ಹ್ಯಾಂಡ್ ಹೊಂದಿದ್ದರೂ ಒಬ್ಬಳಿಗೆ ವರ್ಷಕ್ಕೆ ಇಪ್ಪತ್ತೈದು ವಾರ ಆಡಲು ಸಾಧ್ಯ, ಇನ್ನೊಬ್ಬಳಿಗೆ ಎಂಟು. ಪ್ರತಿಭೆ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಈ ವಾರಗಳ ಎಣಿಕೆಗೆ ಸೇರಿದ್ದು ಎಂಬುದನ್ನು ನಾವು ಗಂಭೀರವಾಗಿ ಯೋಚಿಸಿಲ್ಲ.

ಸ್ವದೇಶದಲ್ಲಿ ಸಿಗುವ ಒಂದು ವಾರ ಏನು ಮಾಡಬಲ್ಲುದು ಎಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. 2023ರ ಮಾರ್ಚ್‌ನಲ್ಲಿ ಕಬ್ಬನ್ ಉದ್ಯಾನದ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ 40 ಸಾವಿರ ಡಾಲರ್ ಬಹುಮಾನದ ಮಹಿಳಾ ಟೂರ್ನಿ ನಡೆಯಿತು. ಫೈನಲ್‌ನಲ್ಲಿ ಒಂದು ಕಡೆ ಆ ವರ್ಷದ ಆಸ್ಟ್ರೇಲಿಯಾ ಓಪನ್‌ಗೆ ಅರ್ಹತೆ ಪಡೆದು ಬಂದಿದ್ದ 15 ವರ್ಷದ ಜೆಕ್ ಆಟಗಾರ್ತಿ ಬ್ರೆಂಡಾ ಫ್ರುಹ್ವಿರ್ತೊವಾ, ಇನ್ನೊಂದು ಕಡೆ ಅಹಮದಾಬಾದಿನ ಅಂಕಿತಾ ರೈನಾ. ಅಂಕಿತಾಗೆ ಆಗ ಮೂವತ್ತು ವರ್ಷ ತುಂಬಿತ್ತು. ಮೊದಲ ಸೆಟ್ಟನ್ನು ಅವರು 6–0ರಿಂದ ಗೆದ್ದರು, ಎರಡನೆಯದನ್ನು 4–6ರಿಂದ ಕಳೆದುಕೊಂಡರು, ಮೂರನೆಯದರಲ್ಲಿ ಒಂದು ಗೇಮ್ ಕೂಡ ಸಿಗಲಿಲ್ಲ. ಸೋತರು ನಿಜ. ಆದರೆ ಗ್ರ್ಯಾಂಡ್ ಸ್ಲಾಮ್ ಮುಖ್ಯ ಸುತ್ತಿನಲ್ಲಿ ಆಡಿ ಬಂದವಳನ್ನು ಒಂದು ಸೆಟ್ ಪೂರ್ತಿ ಕಟ್ಟಿಹಾಕುವ ಅವಕಾಶ ಯುರೋಪಿಗೆ ಹೋಗದೆ, ವೀಸಾ ಕೇಳದೆ ಸಿಕ್ಕಿತು. ಇದೇ ಟೂರ್ನಿ 2025ರ ಜನವರಿಯ ಹೊತ್ತಿಗೆ ಡಬ್ಲ್ಯು100 ದರ್ಜೆಗೇರಿತು. ಅದರ ಮುಂದಿನ ತಿಂಗಳು ಮುಂಬೈನ ಡಬ್ಲ್ಯುಟಿಎ 125ರಲ್ಲಿ ಕೊಯಮತ್ತೂರಿನ 15 ವರ್ಷದ ಮಾಯಾ ರಾಜೇಶ್ವರನ್ ಅರ್ಹತಾ ಸುತ್ತಿನಿಂದ ಬಂದು ಸೆಮಿಫೈನಲ್‌ವರೆಗೆ ಗೆದ್ದರು. ಅಲ್ಲಿ ಅವರನ್ನು ಸೋಲಿಸಿದ ಸ್ವಿಟ್ಜರ್ಲೆಂಡಿನ ಯಿಲ್ ಟೈಕ್‌ಮನ್ ಪ್ರಶಸ್ತಿಯನ್ನೂ ಗೆದ್ದರು. ಆ ವಾರ ಮುಂಬೈನಲ್ಲಿ ಟೂರ್ನಿಯೇ ಇಲ್ಲದಿದ್ದರೆ ಅಷ್ಟು ಕೆಳಗಿನ ಕ್ರಮಾಂಕದ ಭಾರತೀಯ ಹುಡುಗಿಗೆ ಆ ದರ್ಜೆಯಲ್ಲಿ ಯಾವ ದೇಶ ಬಾಗಿಲು ತೆರೆಯುತ್ತಿತ್ತು? ಆತಿಥೇಯರು ತಮ್ಮ ನೆಲದ ಆಟಗಾರ್ತಿಯರಿಗೆ ವೈಲ್ಡ್ ಕಾರ್ಡ್, ಅಂದರೆ ಕ್ರಮಾಂಕ ನೋಡದ ಪ್ರವೇಶ, ಕೊಡುತ್ತಾರೆ. ಎಲ್ಲ ದೇಶಗಳೂ ಹೀಗೇ ಮಾಡುತ್ತವೆ. ಟೂರ್ನಿ ನಡೆಸದ ದೇಶಕ್ಕೆ ಕೊಡಲು ಕಾರ್ಡೇ ಇರುವುದಿಲ್ಲ.

ನೋಡುವವರೇ ಇಲ್ಲದ ಆಟಕ್ಕೆ ಏಕೆ ಹಣ ಸುರಿಯಬೇಕು ಎಂದು ಕೇಳುವವರಿದ್ದಾರೆ. ಪ್ರೇಕ್ಷಕರಿದ್ದ ಕಡೆ ಹಣವಿರುತ್ತದೆ, ಕಡಿಮೆ ಜನ ನೋಡಿದರೆ ಕಡಿಮೆ ಬಹುಮಾನ, ಇದರಲ್ಲಿ ಅನ್ಯಾಯವೇನು ಎನ್ನುತ್ತಾರೆ ಅವರು. ಈ ಮಾತು ಮೇಲ್ನೋಟಕ್ಕೆ ಸರಿ ಕಾಣುತ್ತದೆ. ಆದರೆ ಡಬ್ಲ್ಯು15, ಡಬ್ಲ್ಯು35ಗಳು ಜಗತ್ತಿನ ಯಾವ ಮೂಲೆಯಲ್ಲೂ ಟಿಕೆಟ್ ಮಾರಿ ಬದುಕುವುದಿಲ್ಲ. ಫ್ರಾನ್ಸಿನಲ್ಲಿ ಅವನ್ನು ಸಾಕುವುದು ರೋಲಾಂ ಗಾರೊ ನಡೆಸುವ ಫೆಡರೇಷನ್, ಇಟಲಿಯಲ್ಲಿ ರೋಮ್ ಟೂರ್ನಿ ನಡೆಸುವ ಫೆಡರೇಷನ್. ಮೇಲಿನ ಆಟದ ಲಾಭದಲ್ಲಿ ಒಂದು ಪಾಲು ಕೆಳಗೆ ಇಳಿಯುತ್ತದೆ, ಏಕೆಂದರೆ ಕೆಳಗಿನಿಂದ ಆಟಗಾರ್ತಿಯರು ಬರುವುದು ನಿಂತರೆ ಮೇಲೆ ಮಾರಲು ಏನೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತು. ನೆಲ್ಲು ಕೊಳ್ಳುವವನು ಸಸಿಮಡಿ ನೋಡಲು ಟಿಕೆಟ್ ಕೊಳ್ಳುವುದಿಲ್ಲ, ಹಾಗೆಂದು ಸಸಿಮಡಿ ನಷ್ಟದ ವ್ಯವಹಾರವಾಗುವುದಿಲ್ಲ. ಭಾರತದಲ್ಲಿ ಅಂಥ ಲಾಭ ತರುವ ಮಹಾಟೂರ್ನಿ ಇಲ್ಲ. ಹಾಗಾಗಿ ಆ ಕೆಲಸ ರಾಜ್ಯ ಸಂಸ್ಥೆಗಳು, ಸರ್ಕಾರ ಮತ್ತು ಕಂಪನಿಗಳ ಪಾಲಿಗೆ ಬರುತ್ತದೆ. ಟೆನಿಸ್ ಶ್ರೀಮಂತರ ಆಟ, ಸಾರ್ವಜನಿಕ ಹಣ ಅಲ್ಲಿಗೇಕೆ ಎಂಬ ತಕರಾರು ಇದರ ಬೆನ್ನಿಗೇ ಬರುತ್ತದೆ. ಈ ಆಟ ಶ್ರೀಮಂತರದ್ದಾಗಿ ಉಳಿದಿರುವುದು ಆಡಲು ದೂರ ಹೋಗಬೇಕಾದ್ದರಿಂದಲೇ ಎಂಬುದು ಅದಕ್ಕೆ ನನ್ನ ಉತ್ತರ. ರ‍್ಯಾಕೆಟ್ ಮತ್ತು ಕೋಚಿಂಗ್ ದುಬಾರಿ ಹೌದು. ಹದಿನೇಳರ ನಂತರ ಮಧ್ಯಮ ವರ್ಗದ ಮನೆಯನ್ನು ಮುರಿಯುವುದು ಪ್ರಯಾಣ. ಬಸ್ಸಿನಲ್ಲಿ ಹೋಗಿ ಆಡಿ ಬರಬಹುದಾದ ಟೂರ್ನಿಗಳು ಹೆಚ್ಚಿದಷ್ಟೂ ಆಟದ ಬಾಗಿಲು ಅಗಲವಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಮನೆಯ ಹತ್ತಿರವೇ ಸುಲಭದ ಅಂಕ ಸಿಕ್ಕಿದರೆ ನಮ್ಮವರು ಇಲ್ಲೇ ಉಳಿದುಬಿಡುತ್ತಾರೆ, ಪರಿಚಿತ ಎದುರಾಳಿಗಳನ್ನೇ ಸೋಲಿಸುತ್ತಾ ಕ್ರಮಾಂಕವೊಂದನ್ನು ಕಟ್ಟಿಕೊಳ್ಳುತ್ತಾರೆ, ಹೊರಗೆ ಹೋದ ದಿನ ಆ ಕ್ರಮಾಂಕ ಕುಸಿಯುತ್ತದೆ ಎಂದು ಹಿರಿಯ ಕೋಚ್‌ಗಳೇ ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. ಸಾನಿಯಾ ಮಿರ್ಜಾ 2007ರಲ್ಲಿ 27ನೇ ಕ್ರಮಾಂಕಕ್ಕೆ ಏರಿದ್ದರು. ಅವರ ನಂತರ ಭಾರತದ ಯಾವ ಮಹಿಳೆಯೂ ಸಿಂಗಲ್ಸ್‌ನಲ್ಲಿ ಮೊದಲ 100ರೊಳಗೆ ಬಂದಿಲ್ಲ. ಅಂಕಿತಾ ರೈನಾ ಅವರ ಅತ್ಯುತ್ತಮ ಕ್ರಮಾಂಕ 2020ರ 160. ಭಾರತದಲ್ಲಿ ಮಹಿಳಾ ಐಟಿಎಫ್ ಟೂರ್ನಿಗಳು ಈ ಎಲ್ಲ ವರ್ಷಗಳಲ್ಲಿ ನಡೆದಿವೆ, ಆದರೂ ಫಲ ಬಂದಿಲ್ಲ ಎಂದು ಯಾರಾದರೂ ತೋರಿಸಬಹುದು. ಆದರೆ ಮೇಲೆ ಹೇಳಿದ 270ರ ಲೆಕ್ಕವನ್ನು ಮತ್ತೆ ನೋಡಿ. ಡಬ್ಲ್ಯು15ಗಳನ್ನು ಮಾತ್ರ ನಡೆಸಿದರೆ ಆಟಗಾರ್ತಿ ಅಲ್ಲೇ ಸಿಕ್ಕಿಬೀಳುವಂತೆ ಪದ್ಧತಿಯೇ ರೂಪುಗೊಂಡಿದೆ. ದೋಷವಿರುವುದು ತಾಯ್ನೆಲದಲ್ಲಿ ಆಡುವುದರಲ್ಲಲ್ಲ, ಬಿಡಿಬಿಡಿಯಾಗಿ ಆಡುವುದರಲ್ಲಿ. ಒಂದು ಡಬ್ಲ್ಯು15 ಫೆಬ್ರುವರಿಯಲ್ಲಿ, ಇನ್ನೊಂದು ಜೂನ್‌ನಲ್ಲಿ, ದೊಡ್ಡದೊಂದು ಡಿಸೆಂಬರ್‌ನಲ್ಲಿ ಎಂಬಂತೆ ಚದುರಿದ್ದರೆ ಒಳ್ಳೆಯ ವಿದೇಶಿ ಆಟಗಾರ್ತಿ ಒಂದೇ ವಾರಕ್ಕೆ ಭಾರತಕ್ಕೆ ಬರುವುದಿಲ್ಲ. ನಾಲ್ಕೈದು ವಾರ ಸಾಲಾಗಿ, ಕೆಳದರ್ಜೆಯಿಂದ ಮೇಲಿನದಕ್ಕೆ ಏರುತ್ತಾ ಹೋಗುವ ಸರಣಿಯಿದ್ದರೆ ಬರುತ್ತಾರೆ, ಏಕೆಂದರೆ ಒಂದು ವಿಮಾನದ ಖರ್ಚಿನಲ್ಲಿ ಐದು ಟೂರ್ನಿ ಆಡಬಹುದು. ಜನವರಿ-ಫೆಬ್ರುವರಿಯಲ್ಲಿ ಬೆಂಗಳೂರು, ಪುಣೆ, ಮುಂಬೈಗಳು ಸಾಲಾಗಿ ಟೂರ್ನಿ ನಡೆಸಿದ ವರ್ಷಗಳಲ್ಲಿ ಆದದ್ದು ಇದೇ. ಎದುರಾಳಿಗಳು ಗಟ್ಟಿಯಾದರೆ ಮನೆಯ ಅಂಕ ಸುಲಭದ ಅಂಕವಾಗಿ ಉಳಿಯುವುದಿಲ್ಲ.

ನಿಜವಾದ ಪ್ರತಿಭೆ ಈ ತಗ್ಗಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ರಾಡುಕಾನು, ಸಬಲೆಂಕಾ ಬೇಗ ದಾಟಿಹೋದರಲ್ಲ ಎನ್ನುವವರು ದಾಟಿದವರನ್ನು ಮಾತ್ರ ಎಣಿಸುತ್ತಿದ್ದಾರೆ. ಇಟಲಿಯ ಜಾಸ್ಮಿನ್ ಪಾವೊಲಿನಿ 2024ರಲ್ಲಿ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡರ ಫೈನಲ್ ತಲುಪಿದಾಗ ಅವರಿಗೆ 28 ವರ್ಷ. ಅದಕ್ಕೆ ಮೊದಲು ವರ್ಷಗಟ್ಟಲೆ ಅವರು ಸಣ್ಣ ಟೂರ್ನಿಗಳಲ್ಲೂ ಮಧ್ಯಮ ಕ್ರಮಾಂಕಗಳಲ್ಲೂ ಕಳೆದಿದ್ದರು. ಫ್ರಾನ್ಸಿನ ಲೋಯಿಸ್ ಬುವಸಾನ್ ಮೊಣಕಾಲಿನ ಗಂಭೀರ ಗಾಯದಿಂದ ಮರಳಿ, 361ನೇ ಕ್ರಮಾಂಕದಲ್ಲಿ, ವೈಲ್ಡ್ ಕಾರ್ಡ್ ಪಡೆದು 2025ರ ಫ್ರೆಂಚ್ ಓಪನ್‌ನ ಸೆಮಿಫೈನಲ್‌ವರೆಗೆ ಹೋದರು. ಆಟವನ್ನು ಮತ್ತೆ ಕಟ್ಟಿಕೊಳ್ಳಲು ಅವರಿಗೆ ಸ್ವದೇಶದಲ್ಲೇ ಟೂರ್ನಿಗಳಿದ್ದವು. ನಮಗೆ ಹೆಚ್ಚು ಹತ್ತಿರದ ಉದಾಹರಣೆ ಇಂಡೊನೇಷ್ಯಾದ ಜಾನಿಸ್ ಜೆನ್. ಅಮೆರಿಕದಲ್ಲಿ ಕಾಲೇಜು ಟೆನಿಸ್ ಮುಗಿಸಿ ಬಂದ ಅವರು ಡಬ್ಲ್ಯು15, ಡಬ್ಲ್ಯು35ಗಳನ್ನು ಒಂದರ ಮೇಲೊಂದರಂತೆ ಗೆಲ್ಲುತ್ತಾ ಏರಿ, 2025ರಲ್ಲಿ ಅಮೆರಿಕ ಓಪನ್ ಮುಖ್ಯ ಸುತ್ತಿನಲ್ಲಿ ಪಂದ್ಯ ಗೆದ್ದರು, ಅದೇ ವರ್ಷ ಚೆನ್ನೈ ಓಪನ್ ಡಬ್ಲ್ಯುಟಿಎ 250 ಪ್ರಶಸ್ತಿಯನ್ನೂ ಪಡೆದರು. ಎರಡು ದಶಕಗಳಿಂದ ಸಿಂಗಲ್ಸ್‌ನಲ್ಲಿ ಹೆಸರಿಲ್ಲದಿದ್ದ ದೇಶ ಅದು. ಮಹಿಳಾ ಟೆನಿಸ್‌ನಲ್ಲಿ ಬೇಗ ಅರಳುವವರಿದ್ದಾರೆ, ತಡವಾಗಿ ಅರಳುವವರೂ ಇದ್ದಾರೆ. 22ಕ್ಕೆ ಹಣ ಮುಗಿದು ಬ್ಯಾಂಕಿನ ಕೆಲಸಕ್ಕೋ ಕೋಚಿಂಗಿಗೋ ಸೇರಿದ ಹುಡುಗಿ 27ಕ್ಕೆ ಏನಾಗುತ್ತಿದ್ದಳು ಎಂದು ಯಾವ ದಾಖಲೆಯೂ ಹೇಳುವುದಿಲ್ಲ.

ಸೋತವಳ ಲೆಕ್ಕವನ್ನು ಕಡೆಗಣಿಸಿದ್ದರ ಪರಿಣಾಮ ಆಟದ ಶುದ್ಧಿಯ ಮೇಲೂ ಬಿದ್ದಿದೆ. ಈ ಸಣ್ಣ ಪಂದ್ಯಗಳ ನೇರ ಸ್ಕೋರ್ ಅನ್ನು ಬೆಟ್ಟಿಂಗ್ ಕಂಪನಿಗಳಿಗೆ ಒದಗಿಸುವ ವ್ಯಾಪಾರ ಕಳೆದ ದಶಕದಲ್ಲಿ ಬೆಳೆಯಿತು. ಗ್ಯಾಲರಿಯಲ್ಲಿ ಹತ್ತು ಜನರಿಲ್ಲದ ಪಂದ್ಯದ ಮೇಲೂ ಜಗತ್ತಿನ ಎಲ್ಲೆಲ್ಲಿಂದಲೋ ಬಾಜಿ ಕಟ್ಟಬಹುದು. 2018ರಲ್ಲಿ ವರದಿ ಕೊಟ್ಟ ಸ್ವತಂತ್ರ ಪರಿಶೀಲನಾ ಸಮಿತಿ, ಕೆಳಹಂತದ ಟೆನಿಸ್‌ನಲ್ಲಿ ಭ್ರಷ್ಟಾಚಾರದ ಅಪಾಯ ಗಂಭೀರವಾಗಿದೆ ಎಂದು ಹೇಳಿ, ಅತಿ ಕೆಳಗಿನ ದರ್ಜೆಗಳ ಸ್ಕೋರ್ ಮಾರಾಟ ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. 2023ರಲ್ಲಿ ಬೆಲ್ಜಿಯಂನ ನ್ಯಾಯಾಲಯ ಗ್ರಿಗೊರ್ ಸರ್ಗ್ಸ್ಯಾನ್ ಎಂಬಾತನಿಗೆ ಐದು ವರ್ಷದ ಸೆರೆವಾಸ ವಿಧಿಸಿತು. ಸಣ್ಣ ಟೂರ್ನಿಗಳ ನೂರಕ್ಕೂ ಹೆಚ್ಚು ಆಟಗಾರ ಆಟಗಾರ್ತಿಯರನ್ನು ಆತ ತನ್ನ ಜಾಲಕ್ಕೆ ಎಳೆದುಕೊಂಡಿದ್ದ. ಪಂದ್ಯ ಗೆದ್ದರೆ 300 ಡಾಲರ್, ಒಂದು ಸೆಟ್ ಬಿಟ್ಟುಕೊಟ್ಟರೆ ಅದರ ಹಲವು ಪಟ್ಟು ಎಂಬ ಸ್ಥಿತಿಯಲ್ಲಿ ಆಮಿಷ ಯಾರನ್ನು ಹುಡುಕಿ ಬರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ತಪ್ಪು ಮಾಡಿದವರನ್ನು ನಾನು ಸಮರ್ಥಿಸುತ್ತಿಲ್ಲ. ಬಹುಪಾಲು ಆಟಗಾರ್ತಿಯರು ಅದೇ ಬಡತನದಲ್ಲಿ ಪ್ರಾಮಾಣಿಕವಾಗಿ ಆಡುತ್ತಿದ್ದಾರೆ. ಅವರಿಗೆ ಸಿಗುವ ಪ್ರತಿಫಲ ಮಾತ್ರ ಬೇರೆ: ಡಬ್ಲ್ಯುಟಿಎ ಮತ್ತು ಐಟಿಎಫ್ ಸೇರಿ 2025ರಲ್ಲಿ ಪ್ರಕಟಿಸಿದ ಅಂಕಿಅಂಶದಂತೆ, 2024ರಲ್ಲಿ 458 ಆಟಗಾರ್ತಿಯರ ಮೇಲೆ ಸುಮಾರು 8,000 ನಿಂದನೆಯ ಪೋಸ್ಟ್‌ಗಳು ಬಂದಿದ್ದವು. ಅವುಗಳಲ್ಲಿ ಶೇ 40ರಷ್ಟನ್ನು ಬರೆದವರು ಬಾಜಿ ಸೋತವರು. ತನ್ನ ಖರ್ಚಿನಲ್ಲಿ ಬಂದು, ಸೋತು, ಒಬ್ಬಳೇ ಕೋಣೆಗೆ ಮರಳಿದ ಹುಡುಗಿಯ ಮೊಬೈಲಿಗೆ ಬರುವ ಮಾತುಗಳು ಅವು.

ಹೀಗಿರುವಾಗ ಹಣವನ್ನು ಎಲ್ಲಿ ಹಾಕಬೇಕು? ಬಹುಮಾನದ ಮೊತ್ತ ಏರಿಸಿ ಎಂಬುದು ಮೊದಲು ಹೊಳೆಯುವ ಉತ್ತರ, ಆದರೆ ಅದು ಅಷ್ಟು ಕೆಲಸಕ್ಕೆ ಬರುವುದಿಲ್ಲ. ಹದಿನೈದು ಸಾವಿರದ ಟೂರ್ನಿ 25 ಸಾವಿರಕ್ಕೇರಿದರೆ, ಚಾಲ್ತಿಯಲ್ಲಿದ್ದ ಹಂಚಿಕೆಯ ಪ್ರಕಾರ, ಗೆದ್ದವಳ ಪಾಲು ಸುಮಾರು 1,600 ಡಾಲರ್ ಹೆಚ್ಚುತ್ತದೆ, ಮೊದಲ ಸುತ್ತಿನಲ್ಲಿ ಸೋತವಳದು 100ರಷ್ಟು. ಅದೇ ಹತ್ತು ಸಾವಿರ ಡಾಲರನ್ನು ಮುಖ್ಯ ಸುತ್ತಿನ 32 ಮಂದಿಗೆ ಸಮನಾಗಿ ಹಂಚಿದರೆ ತಲಾ 300 ಡಾಲರಿಗೂ ಮೇಲಾಗುತ್ತದೆ. ಧಾರವಾಡ, ಮೈಸೂರಿನಂಥ ಊರಿನಲ್ಲಿ ಐದಾರು ರಾತ್ರಿಯ ಒಳ್ಳೆಯ ಕೋಣೆಗೆ ಅಷ್ಟು ಸಾಕು. ಐಟಿಎಫ್ ಪಟ್ಟಿಗಳಲ್ಲಿ ಟೂರ್ನಿಯ ಮೊತ್ತದ ಮುಂದೆ ‘+ಎಚ್’ ಎಂಬ ಗುರುತು ಕಾಣುವುದುಂಟು. ಆಟಗಾರ್ತಿಯರ ವಸತಿಯನ್ನು ಸಂಘಟಕರೇ ನೋಡಿಕೊಳ್ಳುತ್ತಾರೆ ಎಂಬುದು ಅದರ ಸೂಚನೆ. ದಾನಿಯ ಹೆಸರು ದೊಡ್ಡ ಚೆಕ್ಕಿನ ಮೇಲೆ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಈ ವಸತಿ ವ್ಯವಸ್ಥೆ ಹಿಂದೆ ಬೀಳಬಾರದು. ನಮ್ಮ ಹಾಸ್ಟೆಲುಗಳು, ವಿಶ್ವವಿದ್ಯಾಲಯಗಳ ಅತಿಥಿಗೃಹಗಳು ಈ ಕೆಲಸಕ್ಕೆ ಬರಬಹುದು. ಅರ್ಹತಾ ಸುತ್ತಿನವರಿಗೆ ಮಧ್ಯಾಹ್ನದ ಊಟ, ತಾಲೀಮಿಗೆ ಚೆಂಡು, ಒಬ್ಬ ಮಹಿಳಾ ಫಿಸಿಯೊ, ರಾತ್ರಿ ಪಂದ್ಯ ಮುಗಿದಾಗ ಕೋಣೆಗೆ ಬಿಡಲು ವಾಹನ ಇವೆಲ್ಲ ಸಣ್ಣ ಖರ್ಚುಗಳು. ಒಂಟಿಯಾಗಿ ಪ್ರಯಾಣ ಮಾಡುವ ಹುಡುಗಿಗೂ ಅವಳನ್ನು ಕಳಿಸಿದ ಮನೆಯವರಿಗೂ ಇವು ಬಹುಮಾನಕ್ಕಿಂತ ಮುಖ್ಯ. ವೈಲ್ಡ್ ಕಾರ್ಡ್‌ಗಳನ್ನು ಶಿಫಾರಸಿನ ಮೇಲೆ ಕೊಡುವ ಬದಲು ರಾಜ್ಯಮಟ್ಟದ ಪ್ಲೇಆಫ್ ಇಟ್ಟು, ಗೆದ್ದವರಿಗೆ ಕೊಡಬೇಕು.

ಇಷ್ಟೆಲ್ಲ ಸಣ್ಣದರ ಬದಲು ದೊಡ್ಡ ಟೂರ್ನಿಯೊಂದನ್ನೇ ಮತ್ತೆ ತರಬಾರದೇಕೆ ಎನ್ನುವವರಿಗೆ ಬೆಂಗಳೂರಿನ ಇತಿಹಾಸವೇ ಉತ್ತರ. 2006ರಿಂದ 2008ರವರೆಗೆ ಇಲ್ಲಿ ಬೆಂಗಳೂರು ಓಪನ್ ನಡೆಯಿತು. ಕೊನೆಯ ವರ್ಷ ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಅವರನ್ನೂ, ಫೈನಲ್‌ನಲ್ಲಿ ಪ್ಯಾಟಿ ಷ್ನೈಡರ್ ಅವರನ್ನೂ ಸೋಲಿಸಿ ಪ್ರಶಸ್ತಿ ಗೆದ್ದರು. ಆ ಟೂರ್ನಿಯ ಬಹುಮಾನ ಆರು ಲಕ್ಷ ಡಾಲರ್, ಈಗಿನ ನಲವತ್ತು ಡಬ್ಲ್ಯು15ಗಳ ಬಹುಮಾನಕ್ಕೆ ಸಮ. ನೋಡಿದವರು ಧನ್ಯರು. ಆದರೆ 2008ರ ನಂತರ ಅದು ಮರಳಲಿಲ್ಲ, ಅದರ ಹಿಂದೆ ರಾಜ್ಯದ ಹುಡುಗಿಯರು ಹತ್ತಬಹುದಾದ ಮೆಟ್ಟಿಲುಗಳ ಸಾಲೂ ಉಳಿಯಲಿಲ್ಲ. ದೊಡ್ಡ ಟೂರ್ನಿ ಬೇಡವೆಂದಲ್ಲ. ಕೆಳಗೆ ಆಧಾರವಿಲ್ಲದಿದ್ದರೆ ಅದು ಬಂದು ಹೋಗುವ ಜಾತ್ರೆಯಾಗುತ್ತದೆ. ಆಧಾರವಿದ್ದರೆ ಏನಾಗಬಹುದು ಎಂಬುದಕ್ಕೂ ಇಲ್ಲೇ ನಿದರ್ಶನವಿದೆ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣದಲ್ಲಿ ದೇಶ-ದೇಶಗಳ ಮಹಿಳಾ ತಂಡಗಳ ಸ್ಪರ್ಧೆಯಾದ ಬಿಲ್ಲಿ ಜೀನ್ ಕಿಂಗ್ ಕಪ್‌ನ ಪ್ಲೇಆಫ್ ನಡೆಯಿತು. ಭಾರತವನ್ನು ಅಲ್ಲಿಗೆ ತಲುಪಿಸಿದ ಪುಣೆಯ ಸುತ್ತಿನಲ್ಲಿ ಮಿಂಚಿದ ಹೈದರಾಬಾದಿನ ಶ್ರೀವಲ್ಲಿ ರಶ್ಮಿಕಾ ಬೆಳೆದದ್ದು ಇದೇ ಐಟಿಎಫ್ ಟೂರ್ನಿಗಳಲ್ಲಿ.

ಕರ್ನಾಟಕಕ್ಕೆ ಅಂಕಣಗಳ ಕೊರತೆಯಿಲ್ಲ. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಪುರುಷರ ಐಟಿಎಫ್ ಟೂರ್ನಿಗಳು ನಡೆದವು. ಅಂಪೈರ್, ಬಾಲ್ ಬಾಯ್, ಹೋಟೆಲು, ಜಿಲ್ಲಾಡಳಿತದ ನೆರವು ಎಲ್ಲವೂ ಹೊಂದಿಸಿಕೊಳ್ಳಲು ಆಗುತ್ತದೆ ಎಂಬುದು ಅಲ್ಲೇ ಸಾಬೀತಾಗಿದೆ. ಅದೇ ಊರುಗಳಲ್ಲಿ ಮೂರು ವಾರ ಸಾಲಾಗಿ ಮಹಿಳೆಯರ ಡಬ್ಲ್ಯು15, ಡಬ್ಲ್ಯು35ಗಳನ್ನು ನಡೆಸಿ, ನಾಲ್ಕನೇ ವಾರ ಬೆಂಗಳೂರಿನ ಡಬ್ಲ್ಯು100ಕ್ಕೆ ಜೋಡಿಸಿದರೆ ರಾಜ್ಯದ ಆಟಗಾರ್ತಿಗೆ ಒಂದು ತಿಂಗಳು ರಾಜ್ಯ ಬಿಡದೆ, ವೀಸಾ ಇಲ್ಲದೆ, ಏರುವ ದರ್ಜೆಯಲ್ಲಿ ಆಡಲು ಸಿಗುತ್ತದೆ. ರಾಜ್ಯ ಟೆನಿಸ್ ಸಂಸ್ಥೆ, ಕ್ರೀಡಾ ಇಲಾಖೆ ಮತ್ತು ಇಲ್ಲಿ ನೆಲೆಸಿರುವ ಕಂಪನಿಗಳು ಒಟ್ಟಿಗೆ ಕೂತು ಮುಂದಿನ ಋತುವಿನ ವೇಳಾಪಟ್ಟಿಯಲ್ಲೇ ಇದನ್ನು ಬರೆಯಬೇಕು. ಪ್ರತಿ ಟೂರ್ನಿಗೂ ವಸತಿಯನ್ನು ಕಡ್ಡಾಯ ಮಾಡಬೇಕು. ಓದುಗರಲ್ಲೂ ಒಂದು ಕೋರಿಕೆ: ಇಂಥ ಟೂರ್ನಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ನಿಮ್ಮ ಊರಿಗೆ ಬಂದಾಗ ಫೈನಲ್‌ವರೆಗೆ ಕಾಯಬೇಡಿ, ಮಗಳನ್ನು ಕರೆದುಕೊಂಡು ಅರ್ಹತಾ ಸುತ್ತಿನ ದಿನವೇ ಹೋಗಿ.